ಅತ್ತೆ ಹುಡುಕಿ ತಂದ ಹೆಂಗಸು

ನಮ್ಮ ಅತ್ತೆ ಎಸ್ತೇರಮ್ಮ ದೇವರ ಹೆಸರು ಹೇಳುತ್ತಿರಲಿಲ್ಲ. ಆ ಕಾಲದ ಹೆಂಗಸರು ಗಂಡನ ಹೆಸರು ಬಾಯಲ್ಲಿ ಎತ್ತುತ್ತಿರಲಿಲ್ಲವಲ್ಲ, ಹಾಗೆ. ಕೀರ್ತನೆಯಲ್ಲಿ ಬಂದರೆ ಹಾಡುತ್ತಿದ್ದರು, ವಾಕ್ಯ ಓದುವಾಗ ಬಂದರೆ ಓದುತ್ತಿದ್ದರು. ಮಾತಿನಲ್ಲಿ ಮಾತ್ರ ಬರೀ 'ಅವರು'. ನಾನು ಮದುವೆಯಾಗಿ ಭದ್ರಾವತಿಯ ಜನ್ನಾಪುರಕ್ಕೆ ಬಂದ ಮೂರನೆಯ ದಿನ ಅತ್ತೆ ಸಂತೆಯಿಂದ ಬಂದು ಚೀಲ ಇಳಿಸಿದರು. ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಇವತ್ತು ಅವರು ಬದನೆಕಾಯಿಯೋನ ಹತ್ರ ಸಿಕ್ಕಿದ್ರು" ಅಂದರು. ಮಾವನವರು ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ನಾನು ಗೋಡೆಯ ಮೇಲಿದ್ದ ಅವರ ಫೋಟೋ ನೋಡಿದೆ, ಅತ್ತೆಯ ಮುಖ ನೋಡಿದೆ. ನಮ್ಮವರು ಓದುತ್ತಿದ್ದ ಪೇಪರಿನಿಂದ ತಲೆ ಎತ್ತದೆ, "ಹೌದಾ? ಏನಂದ್ರು?" ಎಂದು ಕೇಳಿದರು. ತಾಯಿಗೊಬ್ಬರಿಗೇ ಅಲ್ಲ, ಮಗನಿಗೂ ಏನೋ ಆಗಿದೆ ಎಂದುಕೊಂಡು ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ.

ಆಮೇಲೆ ನಮ್ಮವರೇ ಬಂದು ವಿವರಿಸಿದರು. ಅತ್ತೆ ಆರಿಸಿದ್ದ ಬದನೆಕಾಯಿಯೊಂದನ್ನು ಮಾರುವವನು ತಕ್ಕಡಿಯಿಂದ ತೆಗೆದು, "ಅದು ಹುಳುಕು ಕಣಮ್ಮ, ಇದು ತಗೊಳ್ಳಿ" ಎಂದು ಬೇರೆಯದು ಹಾಕಿದನಂತೆ. ಅಷ್ಟೇ. ಅದೇ ದೇವರು ಸಿಕ್ಕಿದ್ದು.

ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ. ನಮ್ಮ ತಂದೆ ಶಾಲೆಯ ಮೇಷ್ಟ್ರು, ಇಸ್ತ್ರಿ ಮಾಡಿದ ಕೋಟಿನ ಕ್ರೈಸ್ತರು. ನಮ್ಮ ಮನೆಯಲ್ಲಿ ದೇವರಿಗೆ ಭಾನುವಾರ ಬೆಳಗಿನ ಹೊತ್ತು ಗೊತ್ತುಮಾಡಿಟ್ಟಿತ್ತು. ಉಳಿದ ದಿನಗಳಲ್ಲಿ ಆತನನ್ನು ತೊಂದರೆಪಡಿಸುವುದು ಸಭ್ಯತೆಯಲ್ಲ ಎಂಬುದು ತಂದೆಯವರ ನಂಬಿಕೆ ಇರಬೇಕು. ಅಂಥ ಮನೆಯಿಂದ ಬಂದ ನನಗೆ, ಬದನೆಕಾಯಿ ಮಾರುವವನ ಹತ್ತಿರ ಸಿಕ್ಕುವ ದೇವರನ್ನು ನಂಬಬೇಕೋ ನಗಬೇಕೋ ತಿಳಿಯಲಿಲ್ಲ. ಇವತ್ತಿಗೂ ಪೂರ್ತಿ ತಿಳಿದಿದೆ ಎಂದು ಹೇಳಲಾರೆ.

ಅತ್ತೆ ನೋಡಲು ಭಕ್ತೆಯ ಹಾಗೆ ಇರಲಿಲ್ಲ. ದೊಡ್ಡ ಮೈ, ಗಂಡಸಿನ ದನಿ, ಮೊಣಕೈತನಕ ತೋಳು ಮಡಿಸಿದ ರವಿಕೆ. ಇಪ್ಪತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವರು. ಊರಿನ ಅರ್ಧ ಮಕ್ಕಳ ಮೊದಲ ಸ್ನಾನ ಅವರ ಕೈಯಲ್ಲೇ ಆಗಿತ್ತು. ಮೀಸೆ ಬಂದ ಗಂಡಸರನ್ನು ಬಸ್ಸಿನಲ್ಲಿ ನಿಲ್ಲಿಸಿ, "ನೀನು ಕಾಲು ಮುಂದಾಗಿ ಬಂದೋನಲ್ವೇನೋ? ನಿಮ್ಮಮ್ಮಂಗೆ ಎಷ್ಟು ಕಷ್ಟ ಕೊಟ್ಟೆ!" ಎಂದು ಎಲ್ಲರೆದುರು ಕೇಳುತ್ತಿದ್ದರು. ಆ ಗಂಡಸು ತಲೆ ತಗ್ಗಿಸಿ ಸೀಟು ಬಿಟ್ಟುಕೊಡುತ್ತಿದ್ದ. ಅತ್ತೆ ಕೂತು, "ಸ್ತೋತ್ರ" ಎನ್ನುತ್ತಿದ್ದರು. ಅದು ದೇವರಿಗೆ. ಸೀಟು ಹೆದರಿಸಿ ಕಿತ್ತುಕೊಂಡದ್ದಲ್ಲವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಅವರು ಹೆಂಗೆ ಕೊಡಿಸ್ತಾರೋ ಅದು ಅವರ ಇಷ್ಟ ಮಾರಾಯ್ತಿ" ಅಂದರು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಸಂಜೆ ದೀಪ ಹಚ್ಚಿದ ಮೇಲೆ ಪ್ರಾರ್ಥನೆ. ನಮ್ಮವರಿಗೆ ಕಾರ್ಖಾನೆಯಲ್ಲಿ ಎರಡನೇ ಪಾಳಿ ಇದ್ದರೆ, ಪಾಳಿಯ ಸೈರನ್ ಕೂಗುವ ಮುಂಚೆ ಮಧ್ಯಾಹ್ನವೇ ಪ್ರಾರ್ಥನೆ. ಒಂದು ಕೀರ್ತನೆ, ಒಂದು ವಾಕ್ಯ, ಆಮೇಲೆ ಸಾಕ್ಷಿ. ಬೇರೆ ಮನೆಗಳಲ್ಲಿ ಸಾಕ್ಷಿ ಎಂದರೆ ಯಾವಾಗಲೋ ಕಾಯಿಲೆ ವಾಸಿಯಾದದ್ದು, ಪರೀಕ್ಷೆ ಪಾಸಾದದ್ದು. ನಮ್ಮಲ್ಲಿ ಹಾಗಲ್ಲ. "ಇವತ್ತು ಎಲ್ಲಿ ಸಿಕ್ಕಿದ್ರು?" ಎಂದು ಅತ್ತೆ ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಹೇಳಿದ ಮೇಲೇ ಊಟ. ನಿನ್ನೆಯದು ಹೇಳುವ ಹಾಗಿಲ್ಲ. ಇನ್ನೊಬ್ಬರು ಕಂಡದ್ದನ್ನು ಎರವಲು ತರುವ ಹಾಗಿಲ್ಲ. 'ಎಲ್ಲ ಕಡೆಯೂ ಇದ್ದಾರೆ' ಎಂದು ಜಾಣತನ ಮಾಡುವ ಹಾಗಂತೂ ಇಲ್ಲವೇ ಇಲ್ಲ. "ಎಲ್ಲ ಕಡೆ ಅಂದ್ರೆ ನೀನು ಎಲ್ಲೂ ನೋಡ್ಲಿಲ್ಲ ಅಂತ ಅರ್ಥ" ಎನ್ನುತ್ತಿದ್ದರು. ಒಂದು ಭಾನುವಾರ ಹೊಸದಾಗಿ ಬಂದ ಪಾದ್ರಿಗಳು ದೇವರು ಸರ್ವವ್ಯಾಪಿ ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಬಾಗಿಲಲ್ಲಿ ಕೈಕುಲುಕುವಾಗ ಅತ್ತೆ, "ಸರ್ವವ್ಯಾಪಿ ಸರಿ ಅಯ್ಯನವ್ರೇ, ಈ ವಾರದ ವಿಳಾಸ ಹೇಳಿ" ಎಂದು ಕೇಳಿದರು. ಪಾಪ, ಪಾದ್ರಿಗಳು ಬೆಪ್ಪಾಗಿ ನಿಂತರು.

ನಮ್ಮವರಿಗೆ ಈ ಪರೀಕ್ಷೆ ರೂಢಿಯಾಗಿತ್ತು. ವಾರದಲ್ಲಿ ನಾಲ್ಕು ದಿನ ಅವರಿಗೆ ದೇವರು ಸಿಕ್ಕುತ್ತಿದ್ದುದು ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಮಜ್ಜಿಗೆ ಬಡಿಸುವವನು ಇನ್ನೊಂದು ಸೌಟು ಹಾಕಿದ, ಬೋಂಡ ಖಾಲಿಯಾಗಿದ್ದರೂ ಗೆಳೆಯ ಅರ್ಧ ಮುರಿದು ಕೊಟ್ಟ, ಹೀಗೆ. "ನಿನ್ನ ದೇವರು ಬರೀ ತಿನ್ನೋ ಹೊತ್ತಿಗೆ ಬರ್ತಾರಲ್ಲೋ ಸಾಮು" ಎಂದು ಅತ್ತೆ ಗೊಣಗಿದರೂ ಒಪ್ಪಿಕೊಳ್ಳುತ್ತಿದ್ದರು. ಕಷ್ಟ ಬಂದದ್ದು ನನಗೆ. ಮೊದಲ ವಾರ ನಾನು, ಭದ್ರಾ ಹೊಳೆಯ ಮೇಲೆ ಸಂಜೆಯ ಬೆಳಕು ಬಿದ್ದಿತ್ತು, ಅದರಲ್ಲಿ ದೇವರನ್ನು ಕಂಡೆ ಎಂದೆ. ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ಪಡೆದವಳು ನಾನು. ಅತ್ತೆ ನನ್ನನ್ನೇ ನೋಡಿದರು.

"ಹೊಳೆ ಹೊಳೆ ತರ ಇತ್ತು. ಅವರು ಎಲ್ಲಿದ್ರು?"

"ಬೆಳಕಲ್ಲಿ ಅತ್ತೆ."

"ಬೆಳಕಿಗೆ ಕೈ ಇರುತ್ತೇನೆ? ಅವರು ಬಂದ್ರೆ ಯಾರದ್ದಾದ್ರೂ ಕೈ ಹಿಡ್ಕೊಂಡೇ ಬರೋದು. ನಾಳೆ ಸರಿಯಾಗಿ ನೋಡು."

ಹಾಗೆಂದು ಹೇಳಿ ಅನ್ನ ಬಡಿಸಿದರು. ನನಗೆ ಅವಮಾನವಾಯಿತು.

ಇನ್ನೊಂದು ನಿಯಮವಿತ್ತು, ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಯಾರ ಕೈಯಲ್ಲಿ 'ಅವರು' ಬಂದರೋ ಆ ಮನುಷ್ಯನಿಗೆ ಮಾರನೆಯ ದಿನ ಅತ್ತೆ ಎರಡು ರವೆ ಉಂಡೆ ಕೊಟ್ಟುಬರುತ್ತಿದ್ದರು. ಕಾರಣ ಹೇಳುತ್ತಿರಲಿಲ್ಲ. ಬದನೆಕಾಯಿಯವನಿಗೂ ಸಿಕ್ಕಿತ್ತು, ಕ್ಯಾಂಟೀನಿನ ಮಜ್ಜಿಗೆಯವನಿಗೆ ತಿಂಗಳಿಗೆ ಹತ್ತಾದರೂ ಸಿಕ್ಕುತ್ತಿತ್ತು. "ಸಿಕ್ಕಿದೋರನ್ನ ಮಾತಾಡಿಸದೆ ಬರೋದು ಮರ್ಯಾದೆಯಾ?" ಎಂಬುದು ಅವರ ವಾದ. ಹಾಗಾಗಿ ನಮ್ಮ ಮನೆಯ ಡಬ್ಬಿಯಲ್ಲಿ ರವೆ ಉಂಡೆ ತಪ್ಪುತ್ತಿರಲಿಲ್ಲ.

ಮೊದಲ ವರ್ಷದ ಕೊನೆಗೆ ನಾನು ಬಸುರಾದೆ. ಮೂರು ತಿಂಗಳಿಗೆ ಹೋಯಿತು.

ಆ ದಿನಗಳ ಅತ್ತೆಯನ್ನು ಮರೆಯಲಾರೆ. ಬಿಸಿನೀರು ಕಾಯಿಸಿ, ಬಟ್ಟೆ ಬದಲಿಸಿ, ಎಲ್ಲವನ್ನೂ ತಾವೇ ಮಾಡಿದರು. ಸಭೆಯ ಹಿರಿಯ ಹೆಂಗಸೊಬ್ಬರು ಬಂದು ನನ್ನ ಮಂಚದ ಪಕ್ಕ ಕೂತು, "ದೇವರ ಚಿತ್ತ ಸುಶೀಲಾ, ನಾವು ಒಪ್ಪಬೇಕು" ಅಂದಾಗ, ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಆ ಮಾತು ಇಲ್ಲಿ ಬೇಡ. ಹಂಗೆಲ್ಲ ಅವರ ಮೇಲೆ ಹಾಕ್ಬೇಡಿ. ಅವರಿಗೂ ಇವತ್ತು ಊಟ ಸೇರಿರಲ್ಲ." ಆ ಹಿರಿಯರು ಕಾಫಿಗೂ ನಿಲ್ಲದೆ ಹೋದರು. ನನಗೆ ಆಗ ಅತ್ತೆಯ ಮೇಲೆ ಪ್ರೀತಿ ಉಕ್ಕಿತು. ಅವರ 'ಅವರ' ಮೇಲೆ ಮಾತ್ರ ಕೋಪವೇ ಉಳಿಯಿತು. ನನ್ನ ಮಗುವಿಗಾಗಿ ಊಟ ಬಿಟ್ಟು ಕೂರುವ ದೇವರು ಬೇಕಾಗಿರಲಿಲ್ಲ ನನಗೆ, ಮಗುವನ್ನು ಉಳಿಸುವವನು ಬೇಕಾಗಿತ್ತು.

ಎರಡು ವಾರ ಅತ್ತೆ ನನ್ನನ್ನು ಕೇಳಲಿಲ್ಲ. ಸಂಜೆ ಪ್ರಾರ್ಥನೆಯಲ್ಲಿ ನನ್ನ ಸರದಿ ಬಂದಾಗ ತಟ್ಟೆ ಮುಂದಿಡುತ್ತಿದ್ದರು. ಮೂರನೆಯ ವಾರ, ಒಂದು ಮಂಗಳವಾರ, ಮೆಲ್ಲಗೆ ಕೇಳಿಯೇಬಿಟ್ಟರು. "ಇವತ್ತು ಎಲ್ಲಾದ್ರೂ ಸಿಕ್ಕಿದ್ರಾ?"

ಇಲ್ಲ ಎನ್ನಬಹುದಿತ್ತು. ಎಂದಿದ್ದರೆ ಅವರೇನೂ ಬಯ್ಯುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ಆ ಕಣ್ಣುಗಳಲ್ಲಿ ಇದ್ದ ಆಸೆ ಕಂಡು ಹೆದರಿದೆ. ಇಲ್ಲ ಎಂದರೆ ಈ ಮನೆಯಿಂದ ಏನೋ ಒಂದು ಹೊರಗೆ ಹೋಗುತ್ತದೆ, ಅದು ನನ್ನಿಂದಲೇ ಎಂದಾಗುತ್ತದೆ ಎಂಬ ಹೆದರಿಕೆ. ಬಾಯಿಗೆ ಬಂದದ್ದು ಹೇಳಿದೆ.

"ಬೆಳಿಗ್ಗೆ ನಲ್ಲಿ ಹತ್ರ ತಲೆ ಸುತ್ತಿ ಕೂತ್ಬಿಟ್ಟೆ ಅತ್ತೆ. ಒಬ್ಬ ಹೆಂಗಸು ನನ್ನ ಕೊಡ ಹೊತ್ಕೊಂಡು ನಮ್ಮ ಬೀದಿ ತುದಿ ತನಕ ಬಂದ್ಳು."

"ಯಾರು?"

"ಗೊತ್ತಿಲ್ಲ. ಹಸಿರು ಸೀರೆ ಉಟ್ಟಿದ್ಳು. ಗದ್ದದ ಮೇಲೆ ಮಚ್ಚೆ ಇತ್ತು."

ಸುಳ್ಳು ಹೇಳಿ ರೂಢಿ ಇಲ್ಲದವರು ಬೇಡದ ವಿವರಗಳನ್ನೆಲ್ಲ ಸೇರಿಸುತ್ತಾರೆ. ತಲೆ ಸುತ್ತಿರಲಿಲ್ಲ. ಕೊಡ ನಾನೇ ಹೊತ್ತಿದ್ದೆ. ಹಸಿರು ಸೀರೆಯವಳು ನನ್ನ ತಲೆಯೊಳಗೆ ಆ ಕ್ಷಣ ಹುಟ್ಟಿದವಳು. ಅತ್ತೆ ಕಣ್ಣು ಮುಚ್ಚಿ, "ಸ್ತೋತ್ರ, ಸ್ತೋತ್ರ" ಎಂದು ಎರಡು ಸಲ ಹೇಳಿದರು. ಅವರ ಕೆನ್ನೆ ಒದ್ದೆಯಾದದ್ದನ್ನು ನಾನು ಕಂಡದ್ದು ಅದೇ ಮೊದಲು. ನಮ್ಮವರು ನನ್ನ ಕಡೆ ನೋಡಿ ನಕ್ಕರು, ಮನೆ ಮೊದಲಿನಂತಾಯಿತು ಎಂಬ ಹಾಗೆ.

ಮಾರನೆಯ ದಿನ ಅತ್ತೆ ರವೆ ಉಂಡೆ ಕಟ್ಟಿಕೊಂಡು ಆ ಹೆಂಗಸನ್ನು ಹುಡುಕಲು ಹೊರಟರು.

ಇದು ನನಗೆ ಹೊಳೆದೇ ಇರಲಿಲ್ಲ. "ಬೇಡ ಅತ್ತೆ, ಯಾವ ಊರವಳೋ" ಅಂದೆ. ಕೇಳಲಿಲ್ಲ. ಮೊದಲ ದಿನ ನಮ್ಮ ಬೀದಿಯ ನಲ್ಲಿಯ ಹತ್ತಿರ ನೀರು ನಿಲ್ಲುವತನಕ ನಿಂತರು. ಎರಡನೆಯ ದಿನ ಜನ್ನಾಪುರದ ಉಳಿದ ನಲ್ಲಿಗಳು. ಮೂರನೆಯ ದಿನ ಕಾರ್ಖಾನೆಯ ಕೂಲಿಗಳ ಸಾಲುಮನೆಗಳಿದ್ದ ಲೈನುಗಳು. ಅಲ್ಲಿ ತಮಿಳು, ತೆಲುಗು ಮನೆಗಳೇ ಹೆಚ್ಚು. ಪ್ರತಿ ಬಾಗಿಲಲ್ಲೂ ಗದ್ದದ ಮೇಲೆ ಮಚ್ಚೆ ಇರುವ ಹೆಂಗಸು ಯಾರಾದರೂ ಇದ್ದಾರಾ ಎಂದು ಕೇಳಿಕೊಂಡು, ಮಧ್ಯಾಹ್ನದ ಬಿಸಿಲಲ್ಲಿ ಹಿಂದಿರುಗುತ್ತಿದ್ದರು. ಅವರ ಕಾಲು ಆಗಲೇ ಊದುವ ಕಾಲು. ಸಂಜೆ ಬಿಸಿನೀರಿನಲ್ಲಿ ಇಳಿಬಿಟ್ಟು ಕೂರುತ್ತಿದ್ದರು. ನಾನು ಆ ಕಾಲು ಒತ್ತುತ್ತ ಹೇಳಿಬಿಡಬೇಕೆಂದುಕೊಂಡೆ. ಹೇಳಲಿಲ್ಲ. ಎಲ್ಲಿಯೂ ಇಲ್ಲದವಳು ಸಿಕ್ಕುವುದಿಲ್ಲ, ನಾಳೆ ತಾವೇ ಬಿಡುತ್ತಾರೆ ಎಂದು ನನ್ನ ಲೆಕ್ಕಾಚಾರ.

ನಾಲ್ಕನೆಯ ದಿನ ಮಧ್ಯಾಹ್ನ ಅತ್ತೆ ಒಬ್ಬ ಹೆಂಗಸಿನ ಕೈ ಹಿಡಿದುಕೊಂಡು ಬಂದರು.

"ಸುಶೀಲಾ, ಬಾರೆ ಇಲ್ಲಿ, ಯಾರು ಬಂದಿದ್ದಾರೆ ನೋಡು!"

ಕಪ್ಪಗೆ ಗಟ್ಟಿಮುಟ್ಟಾಗಿದ್ದ, ನನಗಿಂತ ಐದಾರು ವರ್ಷಕ್ಕೆ ದೊಡ್ಡವಳಿದ್ದ ಹೆಂಗಸು. ಉಟ್ಟಿದ್ದದ್ದು ನೀಲಿ ಸೀರೆ. ಗದ್ದದ ಮೇಲೆ ಮಚ್ಚೆ ಇರಲಿಲ್ಲ, ಹಚ್ಚೆಯ ಚುಕ್ಕೆ ಇತ್ತು. ನನ್ನ ನೋಟ ಎಲ್ಲಿ ಹೋಯಿತೆಂದು ಅತ್ತೆಗೆ ತಿಳಿಯಿತು. "ಹಸಿರು ಸೀರೆ ಒಗೆದು ಹಾಕಿದ್ದಾಳಂತೆ. ಇದು ಮಚ್ಚೆ ಅಲ್ಲ, ಹಚ್ಚೆ. ತಲೆ ಸುತ್ತಿದಾಗ ಯಾವುದು ಏನು ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ಸಾಕ್ಷ್ಯವನ್ನೆಲ್ಲ ತಾವೇ ಸರಿಮಾಡಿಕೊಂಡರು. ಹೆಸರು ನರಸಮ್ಮ, ಗಂಡ ಕಾರ್ಖಾನೆಯಲ್ಲಿ ಇದ್ದಲು ಹೊರುವ ಕೂಲಿ, ತೆಲುಗರು ಎಂದೂ ತಿಳಿಸಿದರು.

ನಾನು ಅವಳನ್ನು ಕೇಳಿದೆ, "ನೀವಾ?"

"ಹೌದಕ್ಕಾ, ನಾನೇ" ಅಂದಳು ನರಸಮ್ಮ. ನನ್ನ ಕಣ್ಣನ್ನೇ ನೋಡಿ ಅಂದಳು. "ಈಗ ಹೆಂಗಿದ್ದೀರಿ? ತಲೆ ಸುತ್ತೋದು ನಿಂತಿತಾ?"

ನನಗೆ ನಿಜವಾಗಿಯೂ ತಲೆ ಸುತ್ತಿದ್ದು ಆಗ. ನಾನೇ ಕಟ್ಟಿದ ಕಥೆ ಚಾಪೆಯ ಮೇಲೆ ಕೂತು ಕಾಫಿ ಕುಡಿಯುತ್ತಿತ್ತು, ರವೆ ಉಂಡೆ ಮುರಿದು ತಿನ್ನುತ್ತಿತ್ತು. ಉಂಡೆಯ ಆಸೆಗೆ ಹೌದೆಂದಳೇ? ಅಥವಾ ನನಗೇ ಮರೆತಿದೆಯೇ? ಆ ವಾರಗಳಲ್ಲಿ ನಾನು ಎಷ್ಟೋ ಹೊತ್ತು ಮಂಕಾಗಿ ಕೂತಿರುತ್ತಿದ್ದೆ. ನಿಜವಾಗಿಯೂ ಕೂತೆನೇನೋ, ಯಾರೋ ಬಂದರೇನೋ, ಸುಳ್ಳೆಂದುಕೊಂಡು ನಾನು ಹೇಳಿದ್ದು ನಿಜವೇ ಇರಬಹುದೇನೋ. ಎರಡು ದಿನ ಹೀಗೇ ಯೋಚಿಸಿ ಯೋಚಿಸಿ ಹುಚ್ಚು ಹಿಡಿಯುವುದೊಂದು ಬಾಕಿ.

ಅವಳು ಬಂದುಹೋದ ಮರುದಿನದಿಂದಲೇ ಇನ್ನೊಂದು ಶುರುವಾಯಿತು. ನನ್ನ ಮೈ ಇನ್ನೂ ಸರಿಯಾಗಿಲ್ಲ ಎಂದು ಅತ್ತೆ ನರಸಮ್ಮನಿಗೆ ಹೇಳಿದ್ದರು. ಮಗು ಹೋದದ್ದನ್ನೂ ಹೇಳಿದ್ದರು. ಬೆಳಿಗ್ಗೆ ನಾನು ನಲ್ಲಿಗೆ ಹೋದರೆ ನರಸಮ್ಮ ಅಲ್ಲಿ ನಿಂತಿದ್ದಳು. ಏನೂ ಕೇಳದೆ ನನ್ನ ಕೊಡ ಎತ್ತಿ ಸೊಂಟದ ಮೇಲಿಟ್ಟುಕೊಂಡು ನಡೆದೇಬಿಟ್ಟಳು. ಮರುದಿನವೂ ಹಾಗೆಯೇ. ಅವರ ಲೈನಿಗೆ ಬೇರೆ ನಲ್ಲಿ ಇತ್ತು, ಇಲ್ಲಿಗೆ ಬರಬೇಕಾದರೆ ಅವಳಿಗೆ ಅಷ್ಟು ದೂರ ಸುತ್ತು. ಬೇಡವೆಂದರೆ, "ಇರ್ಲಿ ಬಿಡಕ್ಕಾ" ಎನ್ನುತ್ತಿದ್ದಳು. ನನ್ನ ಸುಳ್ಳು ದಿನಾ ಬೆಳಿಗ್ಗೆ ತುಂಬಿದ ಕೊಡ ಹೊತ್ತು ಬಾಗಿಲಿಗೆ ಬರತೊಡಗಿತು. ಬಾಗಿಲಲ್ಲಿ ಅತ್ತೆ ಅವಳ ಎರಡೂ ಕೈ ಹಿಡಿದು, "ನೀನಮ್ಮ, ನೀನು" ಎನ್ನುತ್ತಿದ್ದರು. ಅವಳು ನಾಚಿ ಹಲ್ಲು ಬಿಡುತ್ತಿದ್ದಳು.

ಎಂಟು ಹತ್ತು ದಿನ ತಡೆದೆ. ಒಂದು ದಿನ ನಲ್ಲಿಯಲ್ಲಿ ನಾವಿಬ್ಬರೇ ಇದ್ದೆವು. ಕೇಳಿಯೇಬಿಟ್ಟೆ. "ನರಸಮ್ಮ, ಆಣೆ ಮಾಡಿ ಹೇಳು. ಅವತ್ತು ನನ್ನ ಕೊಡ ಹೊತ್ತಿದ್ದು ನೀನೇನಾ?"

ನರಸಮ್ಮ ಕೊಡವನ್ನು ನಲ್ಲಿಯ ಕೆಳಗಿಟ್ಟಳು. ಆಚೀಚೆ ನೋಡಿದಳು.

"ಇಲ್ಲಕ್ಕಾ. ತಪ್ಪಾಯ್ತು."

"ಮತ್ತೆ ಯಾಕೆ ಹೌದು ಅಂದೆ?"

"ನಿಮ್ಮತ್ತೆ ನಮ್ಮ ಲೈನಿಗೆ ಬಂದಾಗ ಕಾಲು ನೋಡಿದ್ರಾ ನೀವು? ಇಷ್ಟು ದಪ್ಪ ಆಗಿತ್ತು. ಬಿಸಿಲು. ಮೂರು ದಿನದಿಂದ ಹುಡುಕ್ತಾ ಇದ್ದೀನಿ ಅಂದ್ರು. ನನ್ನ ಗದ್ದ ನೋಡಿ, 'ನೀನೇನಮ್ಮ?' ಅಂದ್ರು. ಅಲ್ಲ ಅಂದಿದ್ರೆ ಮುಂದಿನ ಲೈನಿಗೆ ಹೋಗ್ತಿದ್ರು. ಅಲ್ಲೂ ಯಾರೂ ಇಲ್ಲ ಅಂದ್ರೆ ಅದರ ಮುಂದಿಂದು. ಆ ವಯಸ್ಸಲ್ಲಿ ಎಷ್ಟು ನಡೀತಾರಕ್ಕಾ? ಅದಕ್ಕೆ ನಾನೇ ಅಂದ್ಬಿಟ್ಟೆ, ಮನೆಗೆ ಹೋಗಿ ಕೂತ್ಕೊಳ್ಳಲಿ ಅಂತ." ಆಮೇಲೆ ಹೇಳಿದಳು, "ನಿಮ್ಮ ಕೊಡ ಹೊತ್ತೋಳು ಸಿಕ್ಕಿದ್ರೆ ತೋರಿಸ್ರಿ. ಅವಳ ಉಂಡೆ ನಾನು ತಿಂದ್ಬಿಟ್ಟಿದ್ದೀನಿ. ಏನಾದ್ರೂ ಮಾಡಿ ಕೊಡ್ತೀನಿ."

ನಾನು ನಲ್ಲಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಂಥವಳು ಯಾರೂ ಇರಲಿಲ್ಲ ಎಂದು ಹೇಳಿದೆ. ಮಗು ಹೋದ ಮೇಲೆ ನನಗೆ ಏನೂ ಕಾಣುತ್ತಿಲ್ಲ ಎಂದೂ, ಅತ್ತೆಗೆ ನೋವಾಗಬಾರದೆಂದು ಕಟ್ಟಿ ಹೇಳಿದೆ ಎಂದೂ ಹೇಳಿದೆ. ನರಸಮ್ಮ ಬಾಯಿ ತೆರೆದುಕೊಂಡು ಕೇಳಿದಳು. ಆಮೇಲೆ ಅವಳಿಗೆ ನಗು ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೂ ನಗು ಬಂತು. ನಗುತ್ತ ನಗುತ್ತ ನಾನು ಯಾವಾಗ ಅಳತೊಡಗಿದೆನೋ ಗೊತ್ತಿಲ್ಲ. ಮಗು ಹೋದಾಗಲೂ ಹಾಗೆ ಅತ್ತಿರಲಿಲ್ಲ. ನರಸಮ್ಮ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ಕೊಡ ತುಂಬಿ ನೀರು ಹರಿದುಹೋಗುತ್ತಿತ್ತು.

ಅಂದು ಸಂಜೆ ನನಗೆ ಹೇಳಲು ಇತ್ತು. ಮದುವೆಯಾಗಿ ಬಂದ ಮೇಲೆ ಮೊದಲ ಸಲ, ಜಾಣತನವಿಲ್ಲದೆ, ಎರವಲಿಲ್ಲದೆ, ಕೈಯ ಸಮೇತ 'ಅವರು' ಸಿಕ್ಕಿದ್ದರು. ಆದರೆ ಬಾಯಿ ಬಿಡುವ ಹಾಗಿರಲಿಲ್ಲ. ಅದನ್ನು ಹೇಳಬೇಕಾದರೆ ನನ್ನ ಮೊದಲಿನ ಸುಳ್ಳನ್ನು ಹೇಳಬೇಕು. ನರಸಮ್ಮನ ಸುಳ್ಳನ್ನೂ ಹೇಳಬೇಕು. ಮೂರು ದಿನ ಊದಿದ ಕಾಲಲ್ಲಿ ಇಲ್ಲದವಳಿಗಾಗಿ ಅಲೆದಿರಿ ಎಂದು ಅತ್ತೆಯ ಮುಖಕ್ಕೆ ಹೇಳಬೇಕು. "ಎಲ್ಲಿ ಸಿಕ್ಕಿದ್ರು?" ಎಂದು ಅತ್ತೆ ಕೇಳಿದರು. ಪೋಸ್ಟ್‌ಮ್ಯಾನ್ ತಂದೆಯವರ ಕಾಗದವನ್ನು ಮಳೆಯಲ್ಲಿ ನೆನೆಯದ ಹಾಗೆ ಅಂಗಿಯೊಳಗೆ ಇಟ್ಟುಕೊಂಡು ತಂದ ಎಂದೇನೋ ಹೇಳಿದೆ. ಅದು ನಿಜವೇ, ಆದರೆ ಅಂದಿನ ನಿಜ ಅದಾಗಿರಲಿಲ್ಲ.

ಹಾಗೆ ವರ್ಷಗಳು ಹೋದವು. ಎರಡು ಮಕ್ಕಳಾದವು, ಎರಡಕ್ಕೂ ಮೊದಲ ಸ್ನಾನ ಅತ್ತೆಯದೇ. ನರಸಮ್ಮ ನಮ್ಮ ಮನೆಯ ಹೆಂಗಸೇ ಆಗಿಹೋದಳು. ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಅತ್ತೆ ಅವಳಿಗೆ ಹಸಿರು ಸೀರೆಯನ್ನೇ ಕೊಡುತ್ತಿದ್ದರು. ಪಾಪ, ಅವಳಿಗೆ ಹಸಿರು ಸೇರುತ್ತಲೇ ಇರಲಿಲ್ಲ ಎಂದು ನನಗೊಬ್ಬಳಿಗೇ ಗೊತ್ತು. ಹೊಸಬರು ಮನೆಗೆ ಬಂದರೆ ಅತ್ತೆ ಆ ಕಥೆಯನ್ನು ಹೇಳದೆ ಕಳಿಸುತ್ತಿರಲಿಲ್ಲ. ಹೇಳುವಾಗ ನರಸಮ್ಮ ನನ್ನ ಕಡೆ ನೋಡುತ್ತಿದ್ದಳು, ನಾನು ನೆಲ ನೋಡುತ್ತಿದ್ದೆ.

ಅರವತ್ತರ ದಶಕದ ಮಧ್ಯಭಾಗದಲ್ಲಿ ಅತ್ತೆಯ ಹೃದಯ ಕೈಕೊಡತೊಡಗಿತು. ಡಾಕ್ಟರು ಹತ್ತಿರವೆಂದು ಶಿವಮೊಗ್ಗದ ಆಲ್ಕೊಳದಲ್ಲಿದ್ದ ಅವರ ಮಗಳು ಮೇರಿ ತನ್ನ ಮನೆಯಲ್ಲಿ ಇರಿಸಿಕೊಂಡಳು. ನಾನು ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ನೋಡಿಬರುತ್ತಿದ್ದೆ. ಕೊನೆಯ ಸಲ ಹೋದಾಗ ಮಧ್ಯಾಹ್ನ ಎರಡು ಗಂಟೆ. ದಿಂಬಿಗೆ ಒರಗಿ ಕೂತಿದ್ದರು. ಆ ದೊಡ್ಡ ಮೈ ಎಲ್ಲಿ ಹೋಯಿತೋ. ಕಾಲು ಮಾತ್ರ ಹಾಗೇ ದಪ್ಪಗಿತ್ತು. ನಾನು ಒತ್ತಲು ಕೂತೆ.

"ಇವತ್ತು ಎಲ್ಲಿ ಸಿಕ್ಕಿದ್ರು?" ಎಂದು ಕೇಳಿದರು.

ದಾರಿಯಲ್ಲಿ ಒಂದು ಸಿದ್ಧಮಾಡಿಕೊಂಡೇ ಬಂದಿದ್ದೆ. ಆ ಕಾಲು ಕೈಯಲ್ಲಿದ್ದಾಗ ಅದನ್ನು ಹೇಳಲಾಗಲಿಲ್ಲ. ಇನ್ನು ಹೇಳದೆ ಹೋದರೆ ಹೇಳಲು ಇವರಿರುವುದಿಲ್ಲ ಎಂದು ತಿಳಿದು, ಎಲ್ಲವನ್ನೂ ಹೇಳಿದೆ. ಹಸಿರು ಸೀರೆಯಿಂದ ಶುರುಮಾಡಿ ನಲ್ಲಿಯ ಕಟ್ಟೆಯ ಅಳುವಿನತನಕ. ಅತ್ತೆ ನಕ್ಕು ತಲೆ ಸವರುತ್ತಾರೆ, 'ಅದೇ ಕಣೆ ಅವರು ಸಿಕ್ಕಿದ್ದು' ಎನ್ನುತ್ತಾರೆ ಎಂದು ನಾನು ನಂಬಿಕೊಂಡಿದ್ದೆ. ಹಾಗಾಗಲಿಲ್ಲ.

"ಯಾರೂ ಇರ್ಲೇ ಇಲ್ವಾ?"

"ಇಲ್ಲ ಅತ್ತೆ."

"ತಲೆ ಸುತ್ತಿದ್ದು?"

"ಅದೂ ಇಲ್ಲ."

"ಹಂಗಾದ್ರೆ ಆ ಮೂರು ದಿನ ನಾನು ಯಾರನ್ನ ಹುಡುಕಿದೆ?" ಅಂದರು. ನನ್ನನ್ನು ಕೇಳಿದ್ದಲ್ಲ. ಆ ಮುಖದಲ್ಲಿ ಗಲಿಬಿಲಿಯನ್ನು ನಾನು ಎಂದೂ ಕಂಡಿರಲಿಲ್ಲ. ಗಲಿಬಿಲಿ ನನ್ನದು, ನಿಶ್ಚಯ ಅವರದು, ಹಾಗೇ ನಾವು ಇಷ್ಟು ವರ್ಷ ಹಂಚಿಕೊಂಡಿದ್ದೆವು. "ನಾನು ಸ್ತೋತ್ರ ಹೇಳಿದ್ನಲ್ಲೇ. ಎಷ್ಟು ಸಲ ಹೇಳಿದೆ! ಇಲ್ಲದ್ದಕ್ಕೆ ಸ್ತೋತ್ರ ಹೇಳಿಸಿಬಿಟ್ಯಲ್ಲ ನನ್ನ ಕೈಲಿ" ಎಂದು ಗೋಡೆಯ ಕಡೆ ತಿರುಗಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೇರಿ ಕಾಫಿ ತಂದಳು, ಅವರು ಮುಟ್ಟಲಿಲ್ಲ. ನಾನು ಕಾಲು ಒತ್ತುತ್ತಲೇ ಇದ್ದೆ, ಎಳೆದುಕೊಳ್ಳಲಿಲ್ಲ ಎಂಬುದೊಂದೇ ಸಮಾಧಾನ.

ಬಸ್ಸಿನ ಹೊತ್ತಾಗಿ ಎದ್ದೆ. ಬಾಗಿಲ ಹತ್ತಿರ ಹೋದಾಗ ಕರೆದರು.

"ನೀನು ನಂಗೆ ಹೇಳಿದ್ದು ನರಸಮ್ಮಂಗೆ ಗೊತ್ತಾ?"

"ಇಲ್ಲ ಅತ್ತೆ."

"ಹೇಳ್ಬೇಡ. ಇಷ್ಟು ವರ್ಷ ನೀನಮ್ಮ ನೀನು ಅಂತ ಅವಳ ಕೈ ಹಿಡ್ಕೊಂಡಿದ್ದೀನಿ. ನಂಗೆ ಗೊತ್ತಾಯ್ತು ಅಂದ್ರೆ ನಾಚಿಕೊಂಡು ಸಾಯ್ತಾಳೆ. ಅವಳು ಹೌದು ಅಂದಳಲ್ಲ, ಹೌದು ಅಂತಲೇ ಇರ್ಲಿ."

ನಾನು ಮತ್ತೆ ಮಂಚದ ಹತ್ತಿರ ಬಂದೆ. ಕೇಳಬಾರದಾಗಿತ್ತೇನೋ, ಕೇಳಿದೆ. "ಅತ್ತೆ, ಇದರಲ್ಲೆಲ್ಲ ಅವರು ಇದ್ರಾ?"

"ಗೊತ್ತಿಲ್ಲ ಕಣೆ" ಅಂದರು. ಆ ಮಾತು ಅವರ ಬಾಯಲ್ಲಿ ಕೇಳಿದ್ದು ಅದೊಂದೇ ಸಲ. "ಬಸ್ಸಿಗೆ ಹೊತ್ತಾಯ್ತು, ಹೋಗು. ಮಕ್ಕಳು ಕಾಯ್ತಿರ್ತಾರೆ."

ಒಂದು ವಾರಕ್ಕೆ ಸುದ್ದಿ ಬಂತು. ಆ ವಾರ ಅಮ್ಮ ಯಾರನ್ನೂ ಎಲ್ಲಿ ಸಿಕ್ಕಿದರು ಎಂದು ಕೇಳಲಿಲ್ಲ ಎಂದು ಮೇರಿ ಆಮೇಲೆ ಹೇಳಿದಳು. ಉಸಿರಾಡಲು ಕಷ್ಟವಿತ್ತು, ಮಾತೇ ಕಡಿಮೆಯಾಗಿತ್ತು ಎನ್ನುತ್ತಾಳೆ ಅವಳು. ಹಾಗೂ ಇರಬಹುದು. ನನ್ನ ಮಾತಿನಿಂದ ಇರಬಹುದು. ಸಾಯುವವರ ಕೈಯಿಂದ ಊರುಗೋಲು ಕಿತ್ತುಕೊಂಡೆನೋ, ಅವರಿಗೆ ಸಲ್ಲಬೇಕಾದದ್ದನ್ನು ತಡವಾಗಿಯಾದರೂ ಕೊಟ್ಟೆನೋ, ಇಷ್ಟು ವಯಸ್ಸಾದರೂ ನನಗೆ ಬಗೆಹರಿದಿಲ್ಲ. ಒಂದೊಂದು ದಿನ ಒಂದೊಂದು ಥರ ಅನ್ನಿಸುತ್ತದೆ.

ಭದ್ರಾವತಿಗೆ ತಂದು ಮಾವನವರ ಪಕ್ಕದಲ್ಲೇ ಮಣ್ಣು ಮಾಡಿದೆವು. ಮೀಸೆ ಬಂದ ಗಂಡಸರು ಎಷ್ಟೊಂದು ಮಂದಿ ಬಂದಿದ್ದರು. ನರಸಮ್ಮ ಹಸಿರು ಸೀರೆ ಉಟ್ಟು ಬಂದಿದ್ದಳು. ಎಲ್ಲರೂ ಚದುರಿದ ಮೇಲೆ ಗೇಟಿನ ಹತ್ತಿರ ನನ್ನ ಕೈ ಹಿಡಿದು ನಿಲ್ಲಿಸಿದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ಅಕ್ಕಾ, ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಅವತ್ತು ಕೊಡ ಹೊತ್ತಿದ್ದು ನಾನಲ್ಲ ಅಂತ ಅಮ್ಮಂಗೆ ಕೊನೆಗೂ ಗೊತ್ತಾಗ್ಲಿಲ್ಲ ಅಲ್ವಾ?"

ಹಿಂದೆ ಹಸಿ ಮಣ್ಣಿತ್ತು, ಅದರ ಮೇಲೆ ಆಗ ತಾನೇ ನೆಟ್ಟ ಶಿಲುಬೆ ಇತ್ತು. ನರಸಮ್ಮನ ಕೈ ಒರಟಾಗಿತ್ತು, ಬೆಚ್ಚಗಿತ್ತು.

"ಇಲ್ಲ ನರಸಮ್ಮ, ಗೊತ್ತಾಗಲಿಲ್ಲ" ಅಂದೆ.